ಬೆಳ್ಳಿಯಾದ ತಾಮ್ರದ ಚೊಂಬು

ಮೊದಲು ಆದದ್ದು ಬರೀ ಉಗುರುಸುತ್ತು.

ಕಚೇರಿಯಲ್ಲಿ ಹೊಸ ನಿಬ್ಬನ್ನು ಒತ್ತಿ ಕೂರಿಸುವಾಗ ಅದು ಜಾರಿ ಬಲಗೈ ಹೆಬ್ಬೆರಳಿನ ಉಗುರಿನ ಪಕ್ಕ ಚುಚ್ಚಿತು. ರಕ್ತ ಕೂಡ ಬರಲಿಲ್ಲ. ಬೆರಳನ್ನು ಒಮ್ಮೆ ಚೀಪಿ, ಪಂಚೆಗೆ ಒರೆಸಿಕೊಂಡು ಮತ್ತೆ ಬರೆಯಲು ಕೂತೆ. ಮೇಲಿನವರಿಗೆ ಹೋಗುವ ಕಾಗದಗಳ ಶುದ್ಧಪ್ರತಿ ಬರೆಯುವುದು ನನ್ನ ಕೆಲಸ. ಅಕ್ಷರ ಮುತ್ತಿನಂತಿದೆ ಎಂದು ಎಲ್ಲರೂ ಹೇಳುತ್ತಿದ್ದರು. ಆ ವಿಷಯದಲ್ಲಿ ನನಗೂ ಜಂಬ ಕಡಿಮೆಯೇನಿರಲಿಲ್ಲ.

ಮಾರನೆಯ ದಿನ ಬೆರಳು ಪಟಪಟನೆ ಬಡಿದುಕೊಳ್ಳತೊಡಗಿತು. ಅಮ್ಮ ನಿಂಬೆಹಣ್ಣಿಗೆ ತೂತು ಮಾಡಿ, ಅರಿಶಿನ ತುಂಬಿ, ಬೆರಳಿಗೆ ಸಿಕ್ಕಿಸಿದಳು. ಹೆಂಡತಿ ಬಾಣಂತನಕ್ಕೆ ತವರಿಗೆ ಹೋಗಿದ್ದರಿಂದ ಶಂಕರಪುರದ ಮನೆಯಲ್ಲಿ ನಾವಿಬ್ಬರೇ. ನಿಂಬೆಹಣ್ಣಿನ ಬೆರಳನ್ನು ಮೇಲೆತ್ತಿಕೊಂಡು ಕಚೇರಿಗೆ ಹೋದೆ. ಜೊತೆಯವರು ನಕ್ಕರು. ನಾನೂ ನಕ್ಕೆ. ವಾರ ಕಳೆಯುವುದರೊಳಗೆ ಅಂಗೈ ಹೋಳಿಗೆ ಕಣಕದ ಹಾಗೆ ಊದಿ, ಬೆರಳು ಮಡಚುವುದಕ್ಕೂ ಆಗದಾಯಿತು. ಆಗ ಯಾರೂ ನಗಲಿಲ್ಲ.

ಅಮ್ಮನಿಗೆ ಆಸ್ಪತ್ರೆ ಎಂದರೆ ಆಗುತ್ತಿರಲಿಲ್ಲ. ಅದಕ್ಕೆ ಕಾರಣವಿತ್ತು. ಪ್ಲೇಗಿನ ವರ್ಷ ನಾವಿನ್ನೂ ಪೇಟೆಯ ಮನೆಯಲ್ಲಿದ್ದೆವು. ಅಪ್ಪನ ಕಂಕುಳಲ್ಲಿ ಗಡ್ಡೆ ಕಂಡ ದಿನವೇ ಜನ ಬಂದು ಅವರನ್ನು ಡೋಲಿಯಲ್ಲಿ ಹೊತ್ತುಕೊಂಡು ಊರಾಚೆಯ ಶೆಡ್ಡಿಗೆ ಹೋದರು. ಅಪ್ಪ ವಾಪಸು ಬರಲಿಲ್ಲ. ಮುಖ ನೋಡುವುದಕ್ಕೂ ಬಿಡಲಿಲ್ಲ. ಮನೆಗೆ ಉಳಿದದ್ದು ಅವರು ಸಂಧ್ಯಾವಂದನೆಗೆ ಇಟ್ಟುಕೊಂಡಿದ್ದ ತಾಮ್ರದ ಚೊಂಬು. ಆಮೇಲೆ ಅದೇ ಚೊಂಬು ನನ್ನ ಸಂಧ್ಯಾವಂದನೆಗೆ ಬಂತು. ವರ್ಷಕ್ಕೊಮ್ಮೆ ಅಪ್ಪನ ತಿಥಿಯ ದಿನ ಅದರಿಂದಲೇ ಅವರಿಗೆ ನೀರು ಬಿಡುತ್ತಿದ್ದೆ, ಇದೇ ಬಲಗೈಯಲ್ಲಿ, ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ. ಪಿತೃಗಳಿಗೆ ಬಿಡುವ ನೀರು ಅಲ್ಲಿಂದಲೇ ಬೀಳಬೇಕು.

ಕೊನೆಗೆ ನೋವು ತಡೆಯಲಾರದೆ ನಾನೇ ಜಟಕಾ ಕರೆಸಿದೆ.

ಡಾಕ್ಟರು ಚಿಕ್ಕ ವಯಸ್ಸಿನವರು. ಕೈಯನ್ನು ತಿರುಗಿಸಿ ನೋಡಿದರು.

"ನಿಂಬೆಹಣ್ಣು ಸಿಕ್ಸಿದ್ರಾ?"

"ಹೌದು."

"ಎಲ್ರೂ ಸಿಕ್ಸ್ತಾರೆ. ಅದು ಉದುರೋ ಹೊತ್ತಿಗೆ ನನ್ಹತ್ರ ಬರ್ತಾರೆ."

ಇಬ್ಬರು ಆಳುಗಳು ನನ್ನನ್ನು ಹಿಡಿದುಕೊಂಡರು. ಡಾಕ್ಟರು ಅಂಗೈ ಕೊಯ್ದರು. ಕೀವು ಚಿಮ್ಮಿತು. ನಾನು ಕಿರುಚಿದ್ದು ಹೊರಗಿದ್ದ ಅಮ್ಮನಿಗೂ ಕೇಳಿಸಿತಂತೆ.

ಅವರು ವಾರ್ಡಿನಲ್ಲಿ ಇರಿ ಎಂದರು. ವರಾಂಡದಲ್ಲಿ ನಿಂತಿದ್ದ ಅಮ್ಮ ಸೆರಗು ಬಿಗಿಮಾಡಿಕೊಂಡು ಒಂದೇ ಮಾತು ಹೇಳಿದಳು. "ಒಬ್ರನ್ನ ಕೊಟ್ಟಿದೀನಿ. ಇವನನ್ನ ಕೊಡಲ್ಲ." ಡಾಕ್ಟರು ಅವಳ ಮುಖ ನೋಡಿ ವಾದ ಮಾಡಲಿಲ್ಲ. "ಹಾಗಾದ್ರೆ ಎರಡು ಹೊತ್ತೂ ಲೋಶನ್ ಬೆಚ್ಚಗೆ ಮಾಡಿ ಕೈ ಅದ್ದಿಡ್ಬೇಕು. ತಪ್ಪಿಸ್ಕೂಡ್ದು. ದಿನ ಬಿಟ್ಟು ದಿನ ಡ್ರೆಸಿಂಗಿಗೆ ಬನ್ನಿ" ಎಂದರು.

ಔಷಧಿ ಕೊಡುವ ಕಿಟಕಿಯಲ್ಲಿ ಕಾಂಪೌಂಡರ್ ಜ್ಞಾನಪ್ರಕಾಶಂ ಇದ್ದರು. ಸದಾ ಸಿಡಿಮಿಡಿಯ ಮನುಷ್ಯ. ಮೂಗಿನ ತುದಿಯಲ್ಲಿ ಕನ್ನಡಕ, ಕೋಟಿನ ಮೇಲೆ ನಶ್ಯದ ಪುಡಿ. ಕ್ಯೂನಲ್ಲಿದ್ದ ಮುದುಕಿಯನ್ನೂ ಗದರುತ್ತಿದ್ದರು, ನನ್ನನ್ನೂ ಗದರಿದರು. ಯಾರೂ ತಿಳಿಯದೆ ಕುಡಿಯಬಾರದೆಂದು ಬಣ್ಣ ಹಾಕಿದ್ದ ನೀಲಿ ಲೋಶನ್ನನ್ನು ಬಾಟಲಿಗೆ ತುಂಬಿ ಕಿಟಕಿಯಾಚೆ ತಳ್ಳಿದರು.

"ಪಾದರಸದ ಲೋಶನ್ನು. ವಿಷ. ಕುಡಿಯೋದಲ್ಲ, ಗೊತ್ತಾಯ್ತಾ? ಪಿಂಗಾಣಿ ಬೋಗುಣಿಗೆ ಹಾಕಿ ಅದ್ರಲ್ಲಿ ಕೈ ಅದ್ದಿ. ಬೇರೆ ಪಾತ್ರೆ ಬೇಡ. ಮುಂದಕ್ಕ್ ಹೋಗಿ, ಹಿಂದೆ ಜನ ಇದಾರೆ."

ಪಿಂಗಾಣಿ ನಮ್ಮ ಮನೆಯ ಹೊಸ್ತಿಲು ದಾಟಿದ್ದಿಲ್ಲ. ಪೇಟೆಯಲ್ಲಿ ಒಂದು ಬೋಗುಣಿ ಕೊಂಡು ತಂದೆ. ಅಮ್ಮ ಅದನ್ನು ನೋಡಿ ಮೂಗು ಮುರಿದು, ಜಗಲಿಯ ಮೇಲೆ, ನನ್ನ ಚಪ್ಪಲಿಗಳ ಹತ್ತಿರ ಜಾಗ ಕೊಟ್ಟಳು. ಆದರೆ ಕೆಲಸದಲ್ಲಿ ಒಂದು ಹೊತ್ತೂ ತಪ್ಪಲಿಲ್ಲ. ಬೆಳಿಗ್ಗೆ ಸಂಜೆ ಹಿತ್ತಿಲ ಒಲೆಯಲ್ಲಿ ಲೋಶನ್ ಬೆಚ್ಚಗೆ ಮಾಡಿ, ಬೋಗುಣಿಗೆ ಹೊಯ್ದು ನನ್ನ ಮುಂದಿಡುತ್ತಿದ್ದಳು. ನಾನು ಕೈ ಮುಳುಗಿಸಿ ಕೂರುತ್ತಿದ್ದೆ. ಅವಳು ಎದುರಿಗೆ ಕೂತು ವಿಷ್ಣು ಸಹಸ್ರನಾಮ ಹೇಳಿಕೊಳ್ಳುತ್ತಿದ್ದಳು.

ಕೈ ವಾಸಿಯಾಗಲಿಲ್ಲ.

ಡ್ರೆಸಿಂಗ್ ಬಿಚ್ಚಿದಾಗಲೆಲ್ಲ ವಾಸನೆ ಹೆಚ್ಚುತ್ತಿತ್ತು. ಡಾಕ್ಟರು ಪ್ರತಿಸಲವೂ ಅದನ್ನೇ ಕೇಳುತ್ತಿದ್ದರು.

"ಲೋಶನ್ ಎರಡು ಹೊತ್ತೂ ನಡೀತಿದ್ಯಾ?"

"ನಡೀತಿದೆ."

"ಪಿಂಗಾಣಿಲೇ ತಾನೆ?"

"ಪಿಂಗಾಣಿಲೇ."

ಒಂದು ದಿನ ಅವರು ನನ್ನ ಬಾಟಲಿಯನ್ನು ಎತ್ತಿಕೊಂಡು ಔಷಧಿ ಕಿಟಕಿಗೆ ನಡೆದರು. ಲೋಶನ್ ತೆಳ್ಳಗಾಗಿದೆಯೇ ಎಂದು ಕೇಳಿರಬೇಕು. ಜ್ಞಾನಪ್ರಕಾಶಂ ಅವರ ದನಿ ವರಾಂಡದ ತುದಿಯವರೆಗೂ ಬಂತು. "ಸಾರ್, ನಾನೇ ತೂಕ ಹಾಕಿದೀನಿ, ನಾನೇ ಕಲಸಿದೀನಿ. ಇದೇ ಲೋಶನ್ನಲ್ಲಿ ನಿಮ್ ವಾರ್ಡಿನ ಗಾಯಗಳೆಲ್ಲ ಒಣಗ್ತಿವೆ. ಇವರೊಬ್ರದ್ದು ಯಾಕ್ ಒಣಗ್ತಿಲ್ಲ ಅಂತ ಅವರನ್ನೇ ಕೇಳಿ." ನನಗೆ ಸಿಟ್ಟು ಬಂತು. ಕೈ ಕೊಳೆಯುತ್ತಿರುವುದು ನನ್ನದು, ಜಗಳ ಇವರದು ಎನ್ನಿಸಿತು. ಆಮೇಲೆ ಯೋಚಿಸಿದರೆ, ತನ್ನ ಲೋಶನ್ನಿನ ಮೇಲೆ ಅನುಮಾನ ಬಿದ್ದ ಆ ಮನುಷ್ಯನಿಗೆ ಅವತ್ತು ನಿದ್ದೆ ಬಂದಿರಲಾರದು.

ಆ ದಿನಗಳಲ್ಲೇ ಅಮ್ಮ ಒಂದು ಸಂಜೆ ನನ್ನ ಹಾಸಿಗೆಯ ಹತ್ತಿರ ಬಂದಳು. ಕೈಯಲ್ಲಿ ಅಪ್ಪನ ಚೊಂಬು. ಅದು ಬೆಳ್ಳಿಯ ಹಾಗೆ ಬೆಳ್ಳಗೆ ಹೊಳೆಯುತ್ತಿತ್ತು.

"ನೋಡೋ ಸುಬ್ಬೂ. ತಾನಾಗೇ ಹೀಗಾಗಿದೆ. ಬೂದಿ ಹಾಕಿ ಉಜ್ಜಿದಷ್ಟೂ ಹೊಳೀತಾ ಇದೆ. ನಿಮ್ಮಪ್ಪ ಬಂದಿದಾರೆ ಕಣೋ. ಕೈ ಬಿಡಲ್ಲ ಅವರು."

ನನಗೆ ಮೈ ಸುಡುವ ಜ್ವರ. ಹುಣಿಸೆಹಣ್ಣು ಹಾಕಿ ಚೆನ್ನಾಗಿ ತಿಕ್ಕಿದ್ದಾಳೆ ಎಂದುಕೊಂಡು ಕಣ್ಣು ಮುಚ್ಚಿದೆ.

ಮರುದಿನ ಮಣಿಕಟ್ಟಿನಿಂದ ಮೊಣಕೈವರೆಗೆ ಕೆಂಪು ಗೆರೆ ಎದ್ದಿತ್ತು. ಕಂಕುಳಲ್ಲಿ ಗಡ್ಡೆ. ಅಮ್ಮ ಅದನ್ನು ಮುಟ್ಟಿ ನೋಡಿ ಗೋಡೆಗೊರಗಿ ಕೂತುಬಿಟ್ಟಳು. ಅವಳು ಕಂಡಿದ್ದ ಕಂಕುಳ ಗಡ್ಡೆ ಒಂದೇ. ಆ ಸಲ ಜಟಕಾ ಕರೆದು ತಂದವಳು ಅವಳೇ.

ಡಾಕ್ಟರು ಅಂಗೈಯ ಒಳಗಿನ ಮೂಳೆಗೂ ಹತ್ತಿದೆ ಎಂದರು. "ಒಳಗೆ ನೋಡಿದ್ಮೇಲೆ ಹೇಳ್ತೀನಿ. ಮಣಿಕಟ್ಟಿನವರೆಗೂ ತೆಗೀಬೇಕಾಗ್ಬಹುದು. ತೆಗೀದಿದ್ರೆ ಪ್ರಾಣ ಉಳಿಯಲ್ಲ."

ಬಲಗೈ.

ಬರೆಯುವ ಕೈ, ಉಣ್ಣುವ ಕೈ, ಅಪ್ಪನಿಗೆ ನೀರು ಬಿಡುವ ಕೈ. ನಾನು ಸಾವಿಗೆ ಹೆದರಿದ್ದೆನೋ ಇಲ್ಲವೋ ಈಗ ನೆನಪಿಲ್ಲ. ಕೈಗೆ ಹೆದರಿದ್ದು ನೆನಪಿದೆ. ಹುಟ್ಟಲಿರುವ ಮಗುವನ್ನು ಎತ್ತಿಕೊಳ್ಳುವುದು ಹೇಗೆ ಎಂದು ಮೊದಲ ಸಲ ಯೋಚನೆ ಬಂದು ಅತ್ತುಬಿಟ್ಟೆ.

ಆಪರೇಶನ್ ಕೋಣೆಯ ಬಾಗಿಲಲ್ಲಿ ನನ್ನನ್ನು ಮಲಗಿಸಿದ್ದರು. ಕ್ಲೋರೋಫಾರ್ಮ್ ಕೊಡಲು ಜ್ಞಾನಪ್ರಕಾಶಂ ಅವರೇ ಬಂದಿದ್ದರು. ಅಷ್ಟರಲ್ಲಿ ಅಮ್ಮ ಜನರನ್ನು ತಳ್ಳಿಕೊಂಡು ಒಳಗೆ ಬಂದಳು. ಕೈಯಲ್ಲಿ ಅದೇ ಚೊಂಬು, ಒಳಗೆ ತುಳಸಿ ಹಾಕಿದ ತೀರ್ಥ.

"ಒಂದು ಉದ್ಧರಣೆ ಕುಡಿಸ್ತೀನಿ. ಅಷ್ಟೇ. ಆಮೇಲೆ ಕರ್ಕೊಂಡ್ ಹೋಗಿ."

ಉದ್ಧರಣೆಯ ಪುಟ್ಟ ಚಮಚ ನನ್ನ ತುಟಿಯ ಹತ್ತಿರ ಬಂದಿತ್ತು. ಜ್ಞಾನಪ್ರಕಾಶಂ ಅವಳ ಮಣಿಕಟ್ಟು ಹಿಡಿದುಕೊಂಡರು. ಮಡಿಯಲ್ಲಿದ್ದ ವಿಧವೆಯನ್ನು ಕ್ರೈಸ್ತರೊಬ್ಬರು ಮುಟ್ಟಿದ್ದರು. ಅಲ್ಲಿದ್ದವರೆಲ್ಲ ಹಾಗೇ ನಿಂತರು.

"ಇದು ಬೆಳ್ಳಿ ಚೊಂಬಾ ಅಮ್ಮ?"

"ಬಿಡಪ್ಪಾ ಕೈನ. ತಾಮ್ರದ್ದು. ಇವರಪ್ಪನ ದಯದಿಂದ ಬೆಳ್ಳಿಯಾಗಿದೆ."

"ಲೋಶನ್ ಎದ್ರಲ್ಲಿ ಬಿಸಿ ಮಾಡ್ತಿದ್ರಿ?"

"ಇದ್ರಲ್ಲೇ. ಬೋಗುಣೀನ ಒಲೆ ಮೇಲೆ ಇಟ್ರೆ ಒಡೆದ್ಹೋಗಲ್ವೇ? ಅಡುಗೆ ಪಾತ್ರೆಗೆ ಆಸ್ಪತ್ರೇದು ಹಾಕೋಕಾಗತ್ತಾ? ಅವರ ಚೊಂಬಾದ್ರೆ ಇವನ ಕೈ ಉಳಿಸತ್ತೆ ಅಂತ ಇದ್ರಲ್ಲೇ ಬೆಚ್ಚಗೆ ಮಾಡಿ, ಬೋಗುಣಿಗೆ ಹೊಯ್ದು ಕೊಡ್ತಿದ್ದೆ. ಒಂದ್ ಹೊತ್ತೂ ತಪ್ಸಿಲ್ಲ."

ಯಾವಾಗಲೂ ಗದರುವ ಆ ಮನುಷ್ಯ ಗದರಲಿಲ್ಲ. ಉದ್ಧರಣೆಯನ್ನು ಮೆಲ್ಲಗೆ ಬಿಡಿಸಿಕೊಂಡು, ಚೊಂಬನ್ನೂ ತೆಗೆದುಕೊಂಡು, "ಈಗ ಇವರ ಹೊಟ್ಟೆಗೆ ಏನೂ ಹೋಗ್ಬಾರ್ದಮ್ಮ. ಇದ್ರಲ್ಲಿ ನೀವೂ ಕುಡೀಬೇಡಿ. ಇದು ನನ್ಹತ್ರ ಇರ್ಲಿ" ಎಂದರು. ತೀರ್ಥವನ್ನು ಕಿಟಕಿಯಾಚೆ ಚೆಲ್ಲಿದರು. ಡಾಕ್ಟರಿಗೆ ಇಂಗ್ಲಿಷಿನಲ್ಲಿ ಎರಡು ಮಾತು ಹೇಳಿದರು. ಡಾಕ್ಟರು ಚೊಂಬನ್ನು ನೋಡಿ ತಲೆ ತಗ್ಗಿಸಿಕೊಂಡರು. ಅಮ್ಮ ಅವರಿಬ್ಬರ ಮುಖವನ್ನೂ ನೋಡುತ್ತ ನಿಂತಿದ್ದಳು.

"ದೇವರ ಹೆಸ್ರು ಹೇಳ್ತಾ ಇರಿ" ಎಂದು ಜ್ಞಾನಪ್ರಕಾಶಂ ನನ್ನ ಮೂಗಿನ ಮೇಲೆ ಬಟ್ಟೆ ಹಿಡಿದರು. ಸಿಹಿ ವಾಸನೆ. ಕೇಶವ, ನಾರಾಯಣ, ಮಾಧವ ಎಂದು ಶುರುಮಾಡಿದೆ. ತ್ರಿವಿಕ್ರಮನವರೆಗೆ ಹೋದದ್ದು ಗೊತ್ತು.

ಎಚ್ಚರವಾದಾಗ ವಾಂತಿ. ಆಮೇಲೆ ನೋವು. ಬಲಗೈ ಬಟ್ಟೆಯ ಗಂಟಾಗಿ ಎದೆಯ ಮೇಲಿತ್ತು. ಎಷ್ಟು ಉಳಿದಿದೆ ಎಂದು ಕೇಳಲು ಬಾಯಿ ಬರಲಿಲ್ಲ. ಪಕ್ಕದಲ್ಲಿ ಕೂತಿದ್ದ ಜ್ಞಾನಪ್ರಕಾಶಂ ತಾವಾಗಿಯೇ ಹೇಳಿದರು. "ನಾಲ್ಕು ಬೆರಳಿವೆ. ಹೆಬ್ಬೆರಳು ಬುಡದ ಮೂಳೆ ಸಮೇತ ಹೋಯ್ತು. ಡಾಕ್ಟರು ಕೈ ಉಳಿಸ್ಬೇಕೂಂತ ಬಹಳ ಹೊತ್ತು ಕಷ್ಟಪಟ್ರು."

ಜ್ವರ ಇಳಿದ ಮೇಲೆ ಅವರಿಬ್ಬರೂ ಬಂದು ವಿಷಯ ಬಿಡಿಸಿ ಹೇಳಿದರು. ಆ ಲೋಶನ್ ತಾಮ್ರಕ್ಕೆ ತಾಗಿದರೆ ಅದರಲ್ಲಿರುವ ಪಾದರಸ ತಾಮ್ರಕ್ಕೆ ಅಂಟಿಕೊಳ್ಳುತ್ತದಂತೆ. ಚೊಂಬು ಬೆಳ್ಳಗಾಗುತ್ತದೆ, ಲೋಶನ್ ಸತ್ವ ಕಳೆದುಕೊಳ್ಳುತ್ತದೆ. ಮದ್ದು ಚೊಂಬಿಗೆ ಹೋಗುತ್ತಿತ್ತು, ನಾನು ಬಣ್ಣದ ನೀರಿನಲ್ಲಿ ಕೈ ಅದ್ದುತ್ತಿದ್ದೆ.

"ಬೆಚ್ಚಗೆ ಮಾಡಿ ಅಂದೋನು ನಾನು. ಎದ್ರಲ್ಲಿ ಅಂತ ಹೇಳ್ಲಿಲ್ಲ" ಎಂದರು ಡಾಕ್ಟರು.

"ಪಿಂಗಾಣಿ ಅಂದೋನು ನಾನು. ಅದನ್ನ ಒಲೆ ಮೇಲೆ ಇಡಕ್ಕಾಗಲ್ಲ ಅಂತ ನಂಗೂ ಹೊಳೀಲಿಲ್ಲ" ಎಂದರು ಜ್ಞಾನಪ್ರಕಾಶಂ. "ಬಾಟ್ಲೀನೇ ಬಿಸಿನೀರಲ್ಲಿ ನಿಲ್ಸಿದ್ರೆ ಆಗ್ತಿತ್ತು."

"ಹಾಗೆ ಮಾಡಿದ್ರೆ ಬೆರಳು ಉಳೀತಿತ್ತಾ?" ಎಂದು ಕೇಳಿದೆ.

ಡಾಕ್ಟರು ನನ್ನ ಕೈಗೆ ಸುತ್ತಿದ್ದ ಬಟ್ಟೆಯನ್ನು ಸರಿಮಾಡಿದರು. "ಹೇಳಕ್ಕಾಗಲ್ಲ. ಉಳೀತಿತ್ತೇನೋ. ಎಲ್ಲಾ ಸರಿಯಾಗಿ ಮಾಡಿದ್ರೂ ಹೋಗೋದುಂಟು." ಆಗ ಅವರ ಮೇಲೆ ಬಂದ ಸಿಟ್ಟು ಸಣ್ಣದಲ್ಲ. ಉಳಿಯುತ್ತಿತ್ತು ಎಂದಿದ್ದರೆ ಬೈಯಬಹುದಿತ್ತು, ಉಳಿಯುತ್ತಿರಲಿಲ್ಲ ಎಂದಿದ್ದರೆ ಸುಮ್ಮನಾಗಬಹುದಿತ್ತು. ಎರಡಕ್ಕೂ ದಾರಿಯಿಲ್ಲದೆ ಗೋಡೆಯ ಕಡೆ ಹೊರಳಿ ಮಲಗಿದೆ.

ಹೋಗುವಾಗ ಜ್ಞಾನಪ್ರಕಾಶಂ ಬಗ್ಗಿ ಹೇಳಿದರು. "ನಿಮ್ಮಮ್ಮನಿಗೆ ನಾವ್ಯಾರೂ ಹೇಳಿಲ್ಲ."

ನಾನೂ ಹೇಳಲಿಲ್ಲ. ಗಂಡನನ್ನು ಕಳೆದುಕೊಂಡು, ಮಗನ ಕೈಗಾಗಿ ಬೆಳಿಗ್ಗೆ ಸಂಜೆ ಒಲೆಯ ಮುಂದೆ ಕೂತವಳಿಗೆ ಏನೆಂದು ಹೇಳುವುದು? ಅಮ್ಮ ಈಗ ವಾರ್ಡಿಗೆ ಬೇಡ ಎನ್ನಲಿಲ್ಲ. ಹಗಲೆಲ್ಲ ವರಾಂಡದಲ್ಲಿ ಕೂತಿರುತ್ತಿದ್ದಳು. ನನ್ನ ಪಕ್ಕದ ಮಂಚದಲ್ಲಿ ಕಾಲು ಕೊಳೆತ ತರಕಾರಿ ವ್ಯಾಪಾರಿಯೊಬ್ಬ ಇದ್ದ. ನನಗೆ ತಂದ ಗಂಜಿಯಲ್ಲಿ ಅವನಿಗೂ ಒಂದು ಲೋಟ ಕೊಡುತ್ತಿದ್ದಳು. ಅವನು ಒಂದು ಬೆಳಿಗ್ಗೆ ಗಂಜಿ ಕುಡಿಯಲು ಏಳಲಿಲ್ಲ. ಆ ಲೋಟ ಹಿಡಿದುಕೊಂಡು ಅವಳು ಖಾಲಿ ಮಂಚದ ಮುಂದೆ ನಿಂತದ್ದು ಇನ್ನೂ ಕಣ್ಣಿಗೆ ಕಟ್ಟಿದೆ.

ಮನೆಗೆ ಬಂದ ಮೇಲೆ ಒಂದೇ ಸಲ ಕೇಳಿದಳು. "ಚೊಂಬು ಎಲ್ಲೋ?"

"ಆಸ್ಪತ್ರೇಲಿ ಎಲ್ಲೋ ಕಳೆದ್ಹೋಯ್ತಂತಮ್ಮ."

ಅಪ್ಪನ ಚೊಂಬು ಕಳೆಯಿತೆಂದರೆ ಅವಳು ಆಕಾಶ ಭೂಮಿ ಒಂದು ಮಾಡಬೇಕಿತ್ತು. ಹೂಂ ಎಂದು ಒಳಗೆ ಹೋದಳು. ನಂಬಿದಳು ಎಂದುಕೊಂಡು ನಿಟ್ಟುಸಿರು ಬಿಟ್ಟೆ.

ಡ್ರೆಸಿಂಗ್ ಮಾತ್ರ ಮುಂದುವರಿಯಿತು. ಈಗ ಔಷಧಿ ಕಿಟಕಿಯಲ್ಲಿ ಜ್ಞಾನಪ್ರಕಾಶಂ ಲೋಶನ್ ಕೊಡುವಾಗ ಒಂದು ಮಾತು ಜಾಸ್ತಿ ಗದರುತ್ತಾರೆ. "ಮನೇಲಿ ಬಿಸಿ ಮಾಡೋರು ಯಾರು? ಅವರನ್ನ ಕರ್ಕೊಂಡ್ ಬನ್ನಿ, ತೋರಿಸ್ಕೊಡ್ತೀನಿ." ಬಾಟಲಿಯನ್ನು ಬಿಸಿನೀರಿನಲ್ಲಿ ನಿಲ್ಲಿಸಿ ತೋರಿಸುತ್ತಾರೆ. ಹಿಂದಿನವರು ಗೊಣಗಿದರೂ ಬಿಡುವುದಿಲ್ಲ. ನನ್ನ ಅಮ್ಮನಿಗೂ ತೋರಿಸಿದರು. ಅವಳು ಏನೂ ಕೇಳದೆ ನೋಡಿಕೊಂಡಳು. ನಿಧಾನವಾಗಿ ಗಾಯ ಒಣಗಿತು. ಎಡಗೈಯಲ್ಲಿ ಬರೆಯಲು ಕಲಿಯುತ್ತಿದ್ದೇನೆ. ಅಕ್ಷರಗಳು ಮಣ್ಣಿನಲ್ಲಿ ಹೊರಳಾಡಿ ಎದ್ದ ಹಾಗಿವೆ. ಮಗಳು ಹುಟ್ಟಿದ್ದಾಳೆ. ಎತ್ತಿಕೊಳ್ಳುವುದಕ್ಕೆ ನಾಲ್ಕು ಬೆರಳು ಸಾಕು.

ಕಳೆದ ವಾರ ಅಪ್ಪನ ತಿಥಿ ಬಂತು. ಕೆಲಸ ಮಾಡಿಸಲು ಜೋಯಿಸರು ಬಂದಿದ್ದರು. ಹೆಬ್ಬೆರಳಿಲ್ಲದ ಕೈ ನೋಡಿ ಅವರು ಸ್ವಲ್ಪ ತಡವರಿಸಿ, "ಆ ಜಾಗದಿಂದಲೇ ಬಿಡಪ್ಪಾ, ಮುಟ್ಟತ್ತೆ" ಎಂದರು. ನೀರು ಬೀಳುವುದಕ್ಕೆ ಹರಿವಾಣ ತನ್ನಿ ಎಂದು ಒಳಗೆ ಕೂಗಿದರು.

ಅಮ್ಮ ತಂದದ್ದು ಹರಿವಾಣವಲ್ಲ. ಆ ಪಿಂಗಾಣಿ ಬೋಗುಣಿ. ಜಗಲಿಯ ಮೇಲೆ ಚಪ್ಪಲಿಗಳ ಹತ್ತಿರ ಇದ್ದದ್ದು. ತೊಳೆದು, ಒರೆಸಿ, ಎರಡು ಕೈಯಲ್ಲೂ ಹಿಡಿದು ತಂದಿದ್ದಳು.

ಜೋಯಿಸರು ಗಾಬರಿಯಾದರು. "ಏನಮ್ಮಾ ಇದು! ಪಿಂಗಾಣಿ? ತಾಮ್ರದ್ದು ತನ್ನಿ."

"ತಾಮ್ರ ಬೇಡ" ಎಂದಳು ಅಮ್ಮ. "ಈ ಮನೇಲಿ ತಾಮ್ರ ಇಲ್ಲ. ನಾನೇ ಎಲ್ಲಾ ಕೊಟ್ಬಿಟ್ಟಿದೀನಿ."

ನಾನು ತಲೆಯೆತ್ತಿ ಅವಳನ್ನು ನೋಡಿದೆ. ಅವಳು ನನ್ನ ಕಣ್ಣು ತಪ್ಪಿಸಲಿಲ್ಲ. ಆ ಕೋಣೆಯ ಬಾಗಿಲಲ್ಲಿ ಜ್ಞಾನಪ್ರಕಾಶಂ ಅವಳ ಕೈ ಹಿಡಿದ ದಿನವೇ ಅವಳಿಗೆ ಎಲ್ಲ ಗೊತ್ತಾಗಿತ್ತು. ನಾನು ನೊಂದುಕೊಳ್ಳುತ್ತೇನೆಂದು ಅವಳು ಹೇಳಿರಲಿಲ್ಲ, ಅವಳು ನೊಂದುಕೊಳ್ಳುತ್ತಾಳೆಂದು ನಾನು ಹೇಳಿರಲಿಲ್ಲ. ಇಷ್ಟು ದಿನ ಒಂದೇ ಮನೆಯಲ್ಲಿ ಇಬ್ಬರೂ ಒಬ್ಬೊಬ್ಬರೇ ಅತ್ತಿದ್ದೆವು.

"ಬಿಡಪ್ಪಾ ನೀರು. ಅವರು ಕಾಯ್ತಿರ್ತಾರೆ" ಎಂದಳು.

ಜೋಯಿಸರು ಮಂತ್ರ ಹೇಳಿದರು. ಎಡಗೈಯಿಂದ ಎಳ್ಳುನೀರನ್ನು ಬಲ ಅಂಗೈಗೆ ಹಾಕಿಕೊಂಡು ಓರೆಮಾಡಿದೆ. ತಡೆಯುವುದಕ್ಕೆ ಹೆಬ್ಬೆರಳಿಲ್ಲದ್ದರಿಂದ ನೀರು ನಿಲ್ಲದೆ ಅಷ್ಟೂ ಒಟ್ಟಿಗೆ ಬೋಗುಣಿಗೆ ಬಿತ್ತು. ಅಮ್ಮ ಕೈ ಮುಗಿದುಕೊಂಡು ಅಲ್ಲೇ ನಿಂತಿದ್ದಳು.