ಕಾರ್ಖಾನೆಯ ಗೇಟಿನ ಮುಂದೆ ಕುಳಿತ ರಾಯಭಾರಿ

ಅಮರಗೋಳದ ಹತ್ತಿ ಸಾಹುಕಾರರೊಬ್ಬರಿಗೆ ನಾನು ಇಂಗ್ಲಿಷ್ ಕಲಿಸಿದ್ದೆ ಎಂದರೆ ಧಾರವಾಡದ ನನ್ನ ಗೆಳತಿಯರು ಇವತ್ತಿಗೂ ನಗುತ್ತಾರೆ. ಆಗ ನಾನು ಕಾಲೇಜಿನಿಂದ ನಿವೃತ್ತಳಾಗಿ ನವನಗರದ ಮನೆಯಲ್ಲಿದ್ದೆ. ಸಾಹುಕಾರರು ಹತ್ತಿ ವ್ಯಾಪಾರದಲ್ಲಿ ಗಳಿಸಿ, ಗಿರಣಿ ಕಟ್ಟಿ, ಶಾಸಕರಾಗಿ, ಸ್ವಲ್ಪ ಕಾಲ ಮಂತ್ರಿಯೂ ಆಗಿ, ಮುಂದಿನ ಚುನಾವಣೆಯಲ್ಲಿ ಸೋತಿದ್ದರು. ಸೋತದ್ದಕ್ಕೆ ನನಗೇನೂ ದುಃಖವಾಗಿರಲಿಲ್ಲ. ಅವರ ಅಧಿಕಾರ ಮುಗಿಯುವವರೆಗೂ ನಮ್ಮ ಓಣಿಯ ಗಟಾರು ತೆರೆದೇ ಇತ್ತು.

ಒಂದು ಬೆಳಿಗ್ಗೆ ಅವರು ಹೆಂಡತಿಯನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು.

“ಅಕ್ಕಾರ, ನನ್ನ ರಾಯಭಾರಿ ಮಾಡಿ ಹೊರದೇಶಕ್ಕ ಕಳಸಾಕತ್ತಾರ್ರಿ. ಇಲ್ಲೇ ಇದ್ರ ಮತ್ತ ಟಿಕೀಟು ಕೇಳ್ತೇನಿ ಅಂತ ಪಕ್ಷದವರಿಗೆ ಚಿಂತಿ,” ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. “ನನ್ನ ಇಂಗ್ಲಿಷ್ ವ್ಯಾಪಾರಕ್ಕ ಸಾಕಾಗತೈತಿ. ಅಲ್ಲಿಗೆ ಸಾಲೂದಿಲ್ರಿ.”

“ಭಾಳ ಹೆದರ್ಯಾರ್ರಿ. ಮನ್ಯಾಗ ಯಾರ ಮುಂದೂ ಹೇಳಂಗಿಲ್ಲ,” ಎಂದರು ಹೆಂಡತಿ. ಅದು ನಿಜವೆಂದು ಸಾಹುಕಾರರು ಒಪ್ಪಿಕೊಂಡರು.

ದಿನಾ ಬೆಳಿಗ್ಗೆ ರಾಯಾಪುರದ ತಮ್ಮ ಮನೆಯಿಂದ ಬಂದು ನಮ್ಮ ಪಡಸಾಲೆಯಲ್ಲಿ ಕೂರುತ್ತಿದ್ದರು. ವ್ಯಾಕರಣ ಅವರಿಗೆ ಕಷ್ಟವಾಗಲಿಲ್ಲ. ಕಷ್ಟವಾದದ್ದು ರಾಜತಾಂತ್ರಿಕರ ನಯದ ಮಾತು. ಅಂಥ ಒಂದು ವಾಕ್ಯವನ್ನು ಓದಿಸಿದರೆ ಕನ್ನಡಕ ತೆಗೆದು ಕೇಳುತ್ತಿದ್ದರು: “ಈಗ ಹೌದು ಅಂದಂಗಾತೋ, ಇಲ್ಲ ಅಂದಂಗಾತೋ?”

“ಎರಡೂ ಅಲ್ರೀ. ಅದಕ್ಕೇ ಈ ಮಾತು ಇರೋದು,” ಎನ್ನುತ್ತಿದ್ದೆ.

“ಸಂತ್ಯಾಗ ಹಿಂಗ ಮಾತಾಡಿದ್ರ ಯಾರೂ ಮಾಲು ಕೊಡೂದಿಲ್ಲ,” ಎಂದು ಮತ್ತೆ ಓದುತ್ತಿದ್ದರು. ಹೊರಡುವ ಹೊತ್ತಿಗೆ ಆ ಮಾತನ್ನೂ ಕಲಿತರು.

ಹೋಗಿ ವರ್ಷ ಕಳೆದಿರಬೇಕು. ಒಂದು ಮಧ್ಯಾಹ್ನ ಅವರ ಫೋನ್ ಬಂತು. ಅಲ್ಲಿಯ ಒಂದು ಬಟ್ಟೆ ಕಾರ್ಖಾನೆಯಲ್ಲಿ ನಮ್ಮ ದೇಶದ ದರ್ಜಿಗಳು ಕೆಲಸಕ್ಕಿದ್ದರಂತೆ. ಮಾಲೀಕ ಅವರ ಪಾಸ್‌ಪೋರ್ಟುಗಳನ್ನು ಇಸಿದುಕೊಂಡು ಬೀಗ ಹಾಕಿ ಇಟ್ಟಿದ್ದ. ಊರಿಗೆ ಹೋಗುತ್ತೇವೆಂದರೆ ಬಿಡುತ್ತಿರಲಿಲ್ಲ. ರಾಯಭಾರ ಕಚೇರಿಯಿಂದ ಪತ್ರ ಹೋದರೂ ಉತ್ತರವಿಲ್ಲ. ಕೊನೆಗೆ ಸಾಹುಕಾರರೇ ಹೋಗಿ, ಗೇಟಿನ ಮುಂದೆ ಕುರ್ಚಿ ಹಾಕಿಸಿಕೊಂಡು ಕುಳಿತುಬಿಟ್ಟರು. ಮಾಲೀಕ ಮೊದಲು ಚಹಾ ಕಳಿಸಿದ, ಆಮೇಲೆ ವಕೀಲನನ್ನು ಕಳಿಸಿದ. ಇವರು ಏಳಲಿಲ್ಲ. ಸಂಜೆಗೆ ಪಾಸ್‌ಪೋರ್ಟುಗಳು ಹೊರಗೆ ಬಂದವು.

“ದರ್ಜಿಗಳು ಊರು ಮುಟ್ಟಿದ್ರು. ಆದ್ರ ಆ ಸರಕಾರ ನಮ್ಮ ದಿಲ್ಲಿಗೆ ದೂರು ಕೊಟ್ಟೈತಿ. ದಿಲ್ಲಿಯವರು ನನಗ ಕಾರಣ ಕೇಳ್ಯಾರ,” ಎಂದರು. “ನನ್ನ ಕೈಕೆಳಗಿನ ಅಧಿಕಾರಿ ಉತ್ತರ ಬರದು ಕೊಟ್ಟಾನ್ರಿ. ಅದರಾಗ ಆದದ್ದಕ್ಕ ವಿಷಾದ ಐತಿ ಅಂತ ಬರದಾನ. ಸಹಿ ಮಾಡ್ಲೇನ್ರಿ?”

“ನಿಮಗ ವಿಷಾದ ಅದ ಏನ್ರೀ?”

“ಇಲ್ರಿ. ಬಿಸಿಲಿಗೆ ತಲಿ ನೋತು, ಅಷ್ಟ.”

ನಯದ ಮಾತನ್ನು ಕಲಿಸಿದವಳು ನಾನೇ. ಸಹಿ ಮಾಡಿರಿ, ಹುದ್ದೆ ಉಳಿಯುತ್ತದೆ ಎನ್ನಬಹುದಿತ್ತು. ಬಾಯಿಗೆ ಬಂದದ್ದು ಬೇರೆ: “ಹಂಗಾದ್ರ ಆದದ್ದು ಆದಂಗ ಬರೀರಿ.”

ಅವರು ಹಾಗೇ ಬರೆದರು. ಅವಧಿ ಮುಗಿಯುವ ಮೊದಲೇ ದಿಲ್ಲಿಯವರು ಅವರನ್ನು ವಾಪಸು ಕರೆಸಿದರು.

ಸುದ್ದಿ ತಿಳಿದು ರಾಯಾಪುರದ ಮನೆಗೆ ಹೋದೆ. ಹಿಂದೆ ಚಪ್ಪಲಿ ಬಿಡಲು ಜಾಗ ಸಿಗದ ಮನೆ ಈಗ ಬರುವವರಿಲ್ಲದೆ ಖಾಲಿಯಾಗಿತ್ತು. ನನ್ನ ಮಾತಿನಿಂದ ಅವರ ಹುದ್ದೆ ಹೋಯಿತೇನೋ ಎಂಬ ಅಳುಕು ನನಗೆ. ಅದನ್ನೇ ಹೇಳಿದಾಗ ಅವರು ತಲೆಯಲ್ಲಾಡಿಸಿದರು.

“ನೀವು ಹೇಳದಿದ್ರೂ ನಾ ಸಹಿ ಮಾಡ್ತಿದ್ದಿಲ್ರಿ. ಆವತ್ತ ಗೇಟಿನ ಮುಂದ ಕುಂತಾಗ ಆ ವಕೀಲ ಒಂದ್ ಮಾತು ಕೇಳಿದ. ನೀವೂ ಗಿರಣಿ ಮಾಲಕರಂತ, ನಿಮ್ಮಲ್ಲೆ ಆಳು ಓಡಿಹೋಗಬಾರದು ಅಂತ ಏನ್ ಮಾಡ್ತೀರಿ ಅಂತ. ನಮ್ಮ ಗಿರಣ್ಯಾಗ ಹೊರಗಿನ ರಾಜ್ಯದ ಮಂದಿದು ಆಧಾರ್ ಕಾರ್ಡು ಇಸಗೊಂಡು ಕಪಾಟಿನ್ಯಾಗ ಇಡ್ತಿದ್ವಿ. ನಾನಽ ಹಾಕಿದ ಪದ್ಧತಿ ಅದು.”

ಅವರ ಹೆಂಡತಿ ಚಹಾ ತಂದಿಟ್ಟು ಅಲ್ಲೇ ಕುಳಿತರು. “ಬಂದ ಮರುದಿನಾನ ಗಿರಣಿಗೆ ಹೋಗಿ ಎಲ್ಲಾರ ಕಾರ್ಡೂ ಅವರವರ ಕೈಯಾಗ ಕೊಟ್ಟು ಬಂದಾರ್ರಿ. ಈಗ ಗಿರಣಿ ನೋಡಿಕೊಳ್ಳೂ ಮಗ ಸಿಟ್ಟಾಗ್ಯಾನ. ಸುಗ್ಗಿ ಟೈಮಿನ್ಯಾಗ ಆಳು ಹೋದ್ರ ಯಾರ್ ನೋಡ್ತಾರ ಅಂತಾನ.”

“ಯಾರರ ಹೋದ್ರೇನ್ರೀ?” ಎಂದು ಕೇಳಿದೆ.

“ಕೆಲವರು ಹೋದ್ರು,” ಎಂದರು ಅವರು. “ಹೋಗಬೇಕು ಅನ್ನಿಸಿದವರು ಹೋದ್ರು. ಅವರ ಮುಖ ನೋಡಿದ್ರ ಎಷ್ಟ್ ದಿವಸದಿಂದ ಕಾಯಾಕತ್ತಿದ್ರೋ ಅನಸ್ತು.”

ಆ ಸೀಸನ್ನಿನಲ್ಲಿ ಗಿರಣಿಗೆ ನಷ್ಟವಾಯಿತೆಂದು ಆಮೇಲೆ ಕೇಳಿದೆ. ಮಗ ಬಹಳ ದಿನ ಅವರೊಡನೆ ಮಾತಾಡಲಿಲ್ಲ. ಪಕ್ಷ ಮತ್ತೆ ಅವರನ್ನು ಕರೆಯಲಿಲ್ಲ, ಅವರೂ ಕೇಳಿಕೊಂಡು ಹೋಗಲಿಲ್ಲ. ಈಗ ಹತ್ತಿ ಬರುವ ಕಾಲದಲ್ಲಿ ಅಪ್ಪ ಮಗ ಇಬ್ಬರೂ ಒಂದೇ ಕಾರಿನಲ್ಲಿ ಗಿರಣಿಗೆ ಹೋಗುತ್ತಾರೆ. ದಾರಿಯುದ್ದಕ್ಕೂ ಜಗಳ ಎಂದು ಅವರ ಹೆಂಡತಿ ಹೇಳುತ್ತಾರೆ, ನಗುತ್ತಲೇ.