ಆಕ್ಷೇಪಣೆ ಎತ್ತಿದ ಮದುಮಗ

ಎಲೀಷಣ್ಣನ ‘ಆಮೆನ್’ ಯಾವಾಗಲೂ ತಡವಾಗಿ ಬರುತ್ತಿತ್ತು. ರಾಣೆಬೆನ್ನೂರಿನ ನಮ್ಮ ಚರ್ಚಿನಲ್ಲಿ ಅಯ್ಯನವರು ಪ್ರಾರ್ಥನೆ ಮುಗಿಸಿದೊಡನೆ ನಾವೆಲ್ಲ ಒಂದೇ ಉಸಿರಿಗೆ ಆಮೆನ್ ಅಂದು ಕಣ್ಣು ತೆರೆದಿರುತ್ತಿದ್ದೆವು. ಸೀರೆಯ ಸೆರಗು ಸರಿ ಮಾಡಿಕೊಳ್ಳುವಷ್ಟರಲ್ಲಿ ಕೊನೆಯ ಬೆಂಚಿನಿಂದ ಅವನ ದಪ್ಪ ದನಿ ಒಂಟಿಯಾಗಿ ಕೇಳಿಸುತ್ತಿತ್ತು. ಕೆಲವು ಭಾನುವಾರ ಅದೂ ಇಲ್ಲ. ಯಾಕೆಂದು ಒಮ್ಮೆ ಕೇಳಿದೆ.

“ಆಮೆನ್ ಅಂದ್ರ ‘ಹೌದು, ನನಗೂ ಒಪ್ಪಿಗಿ ಐತಿ’ ಅಂದಂಗ ಶಾಂತಕ್ಕಾ. ಅವರು ಏನ ಬೇಡ್ಕೊಂಡ್ರು ಅಂತ ಒಂದ್ಸಲ ಮನಸಿನ್ಯಾಗ ತಿರುವಿ ನೋಡಬೇಕಲ್ಲ? ಇವತ್ತು ಆ ಮುನ್ಸಿಪಾಲ್ಟಿ ಮೆಂಬರ್ ಆರಿಸಿ ಬರ್ಲಿ ಅಂತ ಬೇಡ್ಕೊಂಡ್ರು. ಅದಕ್ಕ ನನ್ನ ಒಪ್ಪಿಗಿ ಇಲ್ಲ.”

ಅವನದು ಸುಟ್ಟುಹೋದ ಪಂಪಿನ ಮೋಟರುಗಳಿಗೆ ಹೊಸ ತಂತಿ ಸುತ್ತುವ ಅಂಗಡಿ. ಕುಪ್ಪೇಲೂರು ಕಡೆಯ ರೈತರು ಕೊಳವೆಬಾವಿಯಿಂದ ಎತ್ತಿದ ಮೋಟರನ್ನು ಟ್ರ್ಯಾಕ್ಟರಿನಲ್ಲಿ ಮಲಗಿಸಿಕೊಂಡು, ಆಸ್ಪತ್ರೆಗೆ ರೋಗಿಯನ್ನು ತಂದವರಂತೆ ಮುಖ ಮಾಡಿಕೊಂಡು ಬರುತ್ತಿದ್ದರು. ಎಲೀಷ ಎಂಬ ಹೆಸರು ಅವರ ನಾಲಿಗೆಗೆ ಒಗ್ಗಲಿಲ್ಲ. ಸತ್ತ ಮೋಟರನ್ನು ಏಳಿಸುವವನು ಎಂದು ಅವರೇ ಅರ್ಥ ಮಾಡಿಕೊಂಡು ‘ಏಳ್ಸಪ್ಪ’ ಎಂದು ಕರೆದರು. ಅವನಿಗೆ ಆ ಹೆಸರೇ ಹೆಚ್ಚು ಇಷ್ಟ. ಗಿಡ್ಡ ಆಳು, ಅಗಲ ಎದೆ. ವಾರ್ನಿಶ್ ಅಂಟಿದ ಬೆರಳುಗಳು ಭಾನುವಾರದ ಬಿಳಿ ಅಂಗಿಯಲ್ಲೂ ಕಂದಾಗಿಯೇ ಇರುತ್ತಿದ್ದವು.

ನನಗೆ ಅವನು ಯಾರು ಎಂದು ಮೊದಲೇ ಹೇಳಿಬಿಡುತ್ತೇನೆ. ನನ್ನನ್ನು ಮದುವೆಯಾಗಬೇಕಿದ್ದವನು.

ಆಗ ನನಗೆ ಇಪ್ಪತ್ತೆರಡು, ಅವನಿಗೆ ಇಪ್ಪತ್ತಾರು. ಬ್ಯಾಡಗಿಯ ಶಾಲೆಯಲ್ಲಿ ನನಗೆ ಹೊಸದಾಗಿ ನೌಕರಿ ಸಿಕ್ಕಿತ್ತು. ಮದುವೆ ನಿಶ್ಚಯವಾದ ಮೇಲಿನ ಒಂದು ವರ್ಷದಲ್ಲಿ ಅವನು ನಮ್ಮ ಮನೆಗೆ ಎರಡೇ ಸಲ ಬಂದ. ಒಮ್ಮೆ ನೀರಿನ ಮೋಟರು, ಇನ್ನೊಮ್ಮೆ ಅಪ್ಪನ ರೇಡಿಯೊ ರಿಪೇರಿ ಮಾಡಿ, ಚಹಾ ಕುಡಿದು ಹೋದ. ನನ್ನ ಮುಖ ನೋಡಲಿಲ್ಲ. “ಭಾಳ ನಾಚ್ಕಿ ಸ್ವಭಾವ” ಎಂದು ಗೆಳತಿಯರ ಮುಂದೆ ಹೆಮ್ಮೆಪಟ್ಟೆ.

ನಮ್ಮಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಚರ್ಚಿನಲ್ಲಿ ವಧೂವರರ ಹೆಸರು ಓದಿ, ಯಾರಿಗಾದರೂ ಆಕ್ಷೇಪಣೆ ಇದೆಯೇ ಎಂದು ಕೇಳುತ್ತಾರೆ. ಯಾರಿಗೂ ಇರುವುದಿಲ್ಲ. ಎರಡು ಭಾನುವಾರ ಹಾಗೆಯೇ ಕಳೆದವು. ಮೂರನೆಯ ಭಾನುವಾರ ಅಯ್ಯನವರು ಓದಿ ಮುಗಿಸಿ ಕಾಗದ ಮಡಚುತ್ತಿದ್ದಾಗ ಹಿಂದಿನ ಸಾಲಿನಲ್ಲಿ ಎಲೀಷ ಎದ್ದು ನಿಂತ.

“ಆಕ್ಷೇಪಣೆ ಐತ್ರಿ ಅಯ್ಯನವರ.”

“ಯಾರ ಮ್ಯಾಲಪಾ?”

“ನನ್ನ ಮ್ಯಾಲರಿ.”

ಯಾರೋ ನಕ್ಕರು. ನಾನೂ ನಗಲು ಬಾಯಿ ತೆರೆದಿದ್ದೆ. ಅವನು ಎರಡೂ ಕೈಯಲ್ಲಿ ಮುಂದಿನ ಬೆಂಚನ್ನು ಹಿಡಿದು ಅಯ್ಯನವರನ್ನೇ ನೋಡುತ್ತಿದ್ದ. “ಹುಡುಗೀದು ಏನೂ ತಪ್ಪಿಲ್ರಿ. ದೇವರ ಮುಂದ ನಿಂತು ಸುಳ್ಳ ಆಣಿ ಮಾಡಾಕ ನನ್ನಿಂದ ಆಗೂದಿಲ್ಲ” ಎಂದು ಹೇಳಿ ಕೂತ.

ಆರಾಧನೆ ಮುಗಿದ ಮೇಲೆ ಹಿಂದಿನ ಕೋಣೆಯಲ್ಲಿ ಅಯ್ಯನವರು, ನಮ್ಮಪ್ಪ, ಅವನು ಸೇರಿದರು. ನಾನು ಹಟ ಹಿಡಿದು ಒಳಗೆ ಹೋಗಿ ಬಾಗಿಲ ಬಳಿ ನಿಂತೆ. ಅವನು ತಲೆ ತಗ್ಗಿಸಲಿಲ್ಲ.

“ನನ್ನ ಮನಸ್ಸು ಹೆಣ್ಮಕ್ಕಳ ಕಡೆ ಹೋಗೂದಿಲ್ರಿ. ಗಂಡಸರ ಕಡೆ ಹೋಗ್ತೈತಿ. ಹದಿಮೂರು ವರ್ಷದಾಂವ ಇದ್ದಾಗಿಂದ ‘ನನ್ನ ಬದಲಿ ಮಾಡಪಾ’ ಅಂತ ದೇವರನ್ನ ಬೇಡ್ಕೋತ ಬಂದೇನಿ. ಮದುವಿ ಗೊತ್ತಾದ ಮ್ಯಾಲರೆ ಮಾಡ್ತಾನ ಅಂತ ಕಾದೆ. ಮಾಡ್ಲಿಲ್ಲ. ಇನ್ನ ಈ ಹುಡುಗಿ ಜೀವಾ ಯಾಕ ಹಾಳ ಮಾಡ್ಲಿ?”

ಅಪ್ಪ ಅವನ ಕೆನ್ನೆಗೆ ಹೊಡೆದರು. “ಇನ್ನೊಂದ ಬೇಕಾದ್ರೂ ಹೊಡೀರಿ, ಆದ್ರ ಮನಿಗೆ ಹೋಗಿ ಹುಡುಗೀಗಿ ಏನೂ ಅನಬ್ಯಾಡ್ರಿ” ಎಂದ.

ಅವನ ಸತ್ಯವಂತಿಕೆಯನ್ನು ಮೆಚ್ಚುವ ಮನಸ್ಥಿತಿ ಆಗ ನನಗಿರಲಿಲ್ಲ. ಅವನು ಸಾಯಲಿ ಎಂದೇ ಪ್ರಾರ್ಥಿಸಿದೆ. ಹೊಲಿಸಿದ್ದ ಬಿಳಿ ಸೀರೆಯ ಕುಪ್ಪಸವನ್ನು ಕತ್ತರಿಸಿ ಒಲೆಗೆ ಹಾಕಿದೆ. ಅಪ್ಪ ನನ್ನ ಹೆಸರಿನಲ್ಲಿ ಚರ್ಚಿನ ಕಮಿಟಿಗೆ ದೂರು ಬರೆದರು: ಕನ್ಯೆಗೆ ಮೋಸ ಮಾಡಿದ್ದಾನೆ. ಸಹಿ ಮಾಡು ಅಂದರು, ಮಾಡಿದೆ. ಎಲ್ಲರ ಮುಂದೆ ಪಶ್ಚಾತ್ತಾಪಪಟ್ಟು ಕ್ಷಮೆ ಕೇಳುವವರೆಗೆ ಅವನಿಗೆ ಪ್ರಭುಭೋಜನ ಇಲ್ಲ ಎಂದು ಕಮಿಟಿ ತೀರ್ಮಾನಿಸಿತು. ಅದಕ್ಕೆ ಅವನು ಕೊಟ್ಟ ಉತ್ತರ ಊರಿಗೆಲ್ಲ ಗೊತ್ತು: “ಹುಡುಗೀನ ಒಂದು ವರ್ಷ ಕಾಯಿಸಿದ್ದಕ್ಕ ಕ್ಷಮಾ ಕೇಳ್ತೇನ್ರಿ. ಹುಟ್ಟಿದ್ದಕ್ಕ ಹೆಂಗ ಕೇಳ್ಲಿ?”

ಹಾಗಂತ ಚರ್ಚು ಬಿಡಲಿಲ್ಲ. ತಿಂಗಳಿಗೊಮ್ಮೆ ಎಲ್ಲರೂ ಪ್ರಭುಭೋಜನದ ರೊಟ್ಟಿ ಮತ್ತು ದ್ರಾಕ್ಷಾರಸಕ್ಕೆ ಮುಂದೆ ಹೋಗಿ ಮೊಣಕಾಲೂರುವಾಗ ಕೊನೆಯ ಬೆಂಚಿನಲ್ಲಿ ಒಬ್ಬನೇ ಕೂತಿರುತ್ತಿದ್ದ. ಬೇರೆ ಯಾವುದಾದರೂ ಪ್ರಾರ್ಥನಾ ಮನೆಗೆ ಹೋಗಬಾರದೇ ಎಂದವರಿಗೆ, “ಅಪ್ಪ ಸಿಟ್ಟಾಗ್ಯಾನ ಅಂತ ಮನಿ ಬಿಟ್ಟು ಹೋಗ್ತಾರೇನ್ರಿ? ಅದೂ ಸಿಟ್ಟಾಗ್ಯಾನ ಅಂತ ಅಣ್ಣತಮ್ಮರು ಹೇಳಾಕತ್ತಾರ. ಅಪ್ಪ ಇನ್ನೂ ಏನೂ ಅಂದಿಲ್ಲ” ಎನ್ನುತ್ತಿದ್ದ.

ಮೂರು ವರ್ಷದ ಮೇಲೆ ಹಾವೇರಿಯ ವಸಂತ ಅವರೊಂದಿಗೆ ನನ್ನ ಮದುವೆಯಾಯಿತು. ತಹಶೀಲ್ದಾರ್ ಕಚೇರಿಯಲ್ಲಿ ಗುಮಾಸ್ತರು, ಹಾಸ್ಯದ ಮನುಷ್ಯ. ಅವರಿಗೆ ರಾಣೆಬೆನ್ನೂರಿಗೆ ವರ್ಗವಾದಾಗ ನಾನು ಹಳೆಯ ಚರ್ಚಿಗೇ ಮರಳಿ ಬಂದೆ. ಬಂದ ವಾರವೇ ನಮ್ಮ ಮಿಕ್ಸರನ್ನು ಬಗಲಿಗಿಟ್ಟುಕೊಂಡು ವಸಂತ ಹೊರಟರು.

“ಅದು ಕೆಟ್ಟಿಲ್ಲಲ್ರಿ” ಎಂದೆ.

“ಗೊತ್ತೈತಿ. ಆ ಮನಶ್ಯಾನ ಭೆಟ್ಟಿ ಆಗಾಕ ಒಂದು ನೆವ ಬೇಕಲ್ಲ. ಅಂವ ಅವತ್ತು ಎದ್ದು ನಿಲ್ಲದಿದ್ರ ನನಗ ನೀ ಎಲ್ಲಿ ಸಿಗ್ತಿದ್ದಿ?”

ಎಲೀಷ ಮಿಕ್ಸರಿಗೆ ಸ್ಕ್ರೂಡ್ರೈವರಿನ ತುದಿ ಇಟ್ಟು, ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ ಆಲಿಸಿದನಂತೆ. “ಇದಕ್ಕೇನೂ ಆಗಿಲ್ರಿ. ನಿಮಗೇನಾಗೇತಿ?” ಎಂದನಂತೆ. ಇಬ್ಬರೂ ಸಂಜೆಯವರೆಗೆ ಮಾತಾಡಿದರು. ಮರುದಿನ ಮಿಕ್ಸರ್ ವಾಪಸ್ ಕೊಡಲು ಬಂದವನು ನನ್ನನ್ನು ನೋಡಿ, ನಾಲ್ಕು ವರ್ಷ ಚಿಕ್ಕವಳಾದ ನನ್ನನ್ನು, “ಶಾಂತಕ್ಕಾ” ಎಂದ. ನಾನು “ಬಾ ಎಲೀಷಣ್ಣಾ” ಎಂದೆ. ಅಷ್ಟೇ. ನನ್ನ ಸಿಟ್ಟು ಎಷ್ಟೋ ದಿನಗಳ ಹಿಂದೆಯೇ ಹೋಗಿದೆ ಎಂಬುದು ನನಗೇ ಆಗ ಗೊತ್ತಾಯಿತು.

ನಮ್ಮ ಅಡುಗೆಮನೆಯಲ್ಲಿ ಕೂತು ಅವನು ಹೇಳಿದ ಕಥೆಗಳಲ್ಲಿ ಒಂದನ್ನು ಇಲ್ಲಿ ಹೇಳಲೇಬೇಕು. ನಮ್ಮ ಮದುವೆ ಮುರಿದ ಮರುವರ್ಷ ಅವನ ಅವ್ವ ಅವನನ್ನು ಹಾವೇರಿ ಹತ್ತಿರ ಒಬ್ಬ ಪ್ರಾರ್ಥನೆ ಮಾಡುವವನ ಬಳಿ ಕರೆದೊಯ್ದಳು. ಮಗನಿಗೆ ದೆವ್ವ ಹಿಡಿದಿದೆ, ಮೂರು ದಿನ ಉಪವಾಸವಿದ್ದರೆ ಬಿಡುತ್ತದೆ ಎಂದು ಆಕೆಗೆ ಯಾರೋ ಹೇಳಿದ್ದರು. ಅವ್ವನ ಕಣ್ಣೀರು ನೋಡಲಾರದೆ ಇವನೂ ಒಪ್ಪಿದ. ಮೂರನೆಯ ದಿನ ಆ ಮನುಷ್ಯ ಇವನ ತಲೆ ಹಿಡಿದು ಅಲುಗಾಡಿಸುತ್ತ “ಹೊರಗೆ ಬಾ! ಹೊರಗೆ ಬಾ!” ಎಂದು ಕೂಗುತ್ತಿದ್ದಾಗ ಇವನ ಮೂಗಿಗೆ ಕಮಟು ವಾಸನೆ ಬಡಿಯಿತು.

“ಸುಡಾಕತ್ತೈತ್ರಿ!” ಎಂದ.

ಸುತ್ತಲಿದ್ದವರು ದೆವ್ವ ಸುಡುತ್ತಿದೆ ಎಂದುಕೊಂಡು ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿ ಹಾಡತೊಡಗಿದರು.

“ದೆವ್ವ ಅಲ್ರಿ, ಫ್ಯಾನ್! ಫ್ಯಾನಿನ ಕಾಯಿಲ್ ಸುಡಾಕತ್ತೈತಿ! ಮೇನ್ ಸ್ವಿಚ್ ಆರಸ್ರಿ!”

ಮೂರು ದಿನ ಉಂಡಿರದ ಮನುಷ್ಯ ಸ್ಟೂಲು ಹತ್ತಿ ಫ್ಯಾನು ಬಿಚ್ಚಿ ಇಳಿಸಿದ. ವಸಂತ ಈ ಕಥೆ ಕೇಳಿ ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಎಲೀಷಣ್ಣನೂ ನಕ್ಕ. ನಂತರ ಚಹಾದ ಬಸಿಯನ್ನು ತಿರುಗಿಸುತ್ತ ಹೇಳಿದ:

“ಆ ಸ್ಟೂಲ್ ಮ್ಯಾಲ ನಿಂತಾಗ ಒಂದು ಮಾತು ಗೊತ್ತಾತು. ‘ಬದಲಿ ಮಾಡಪಾ’ ಅನ್ನೋ ಪ್ರಾರ್ಥನಾ ನನ್ನೊಳಗ ನಿಂತ ಹೋಗಿತ್ತು. ಹದಿಮೂರು ವರ್ಷದಾಂವ ಇದ್ದಾಗಿಂದ ಅದು ನಿಂತದ್ದ ಇಲ್ಲ. ಅದು ನಿಂತ್ರ ದೇವರೂ ಬಿಟ್ಟು ಹೋಗ್ತಾನ ಅಂತ ಅಂಜಿದ್ದೆ. ಅಂವ ಎಲ್ಲೂ ಹೋಗಿರ್ಲಿಲ್ಲ ಶಾಂತಕ್ಕಾ. ಅಲ್ಲೇ ನಿಂತು ನಾ ಫ್ಯಾನ್ ಬಿಚ್ಚೂದನ್ನ ನೋಡಾಕತ್ತಿದ್ದ ಅನಿಸ್ತು.”

ಅಷ್ಟಕ್ಕೇ ಎಲ್ಲ ಸರಿಹೋಗಲಿಲ್ಲ. ಮಲ್ಲಪ್ಪನವರ ಪರಿಚಯವಾದಾಗ ಮತ್ತೆ ಕಷ್ಟವಾಯಿತು.

ಮಲ್ಲಪ್ಪ ರಾಣೆಬೆನ್ನೂರು–ಬ್ಯಾಡಗಿ ಬಸ್ಸಿನ ಕಂಡಕ್ಟರ್. ದಿನವೂ ಆ ಬಸ್ಸಿನಲ್ಲೇ ಶಾಲೆಗೆ ಹೋಗುತ್ತಿದ್ದ ನನಗೆ ಅವರು ಮೊದಲಿನಿಂದ ಗೊತ್ತು. ಮೆಣಸಿನಕಾಯಿ ಸುಗ್ಗಿಯಲ್ಲಿ ಆ ಬಸ್ಸಿಗೆ ಬಸ್ಸೇ ಸೀನುತ್ತಿತ್ತು. ಮಲ್ಲಪ್ಪ ಮೂಗಿಗೆ ಟವೆಲ್ ಕಟ್ಟಿಕೊಂಡು, ಎರಡು ಸೀನಿನ ನಡುವೆ ಟಿಕೆಟ್ ಹರಿಯುತ್ತಿದ್ದರು. ಬ್ಯಾಡಗಿಯಲ್ಲಿ ಹುಟ್ಟಿ ಬೆಳೆದವರಾದರೂ ಅವರಿಗೆ ಖಾರ ಆಗುತ್ತಿರಲಿಲ್ಲ. ಒಮ್ಮೆ ಬ್ಯಾಡಗಿ ಬಸ್‌ ನಿಲ್ದಾಣದ ಕಟ್ಟೆಯ ಮೇಲೆ ಎಲೀಷಣ್ಣ ಉಪ್ಪಿಟ್ಟಿನ ಡಬ್ಬಿ ತೆರೆದು, ಹಸಿಮೆಣಸಿನಕಾಯಿಯ ಚೂರುಗಳನ್ನು ಒಂದೊಂದಾಗಿ ಆರಿಸಿ ತೆಗೆದು, ಡಬ್ಬಿಯನ್ನು ಮಲ್ಲಪ್ಪನವರ ಕಡೆ ಸರಿಸಿದ್ದನ್ನು ಕಂಡೆ. ನನಗೆ ಬೇರೆ ಯಾರೂ ಏನೂ ಹೇಳಬೇಕಾಗಲಿಲ್ಲ. ಎಲೀಷಣ್ಣ ನನ್ನನ್ನು ನೋಡಿ, “ಬ್ಯಾಡಗಿ ಕಾಯಿ ಬಣ್ಣಕ್ಕ ಅಷ್ಟ ಶಾಂತಕ್ಕಾ, ಖಾರಕ್ಕಲ್ಲ. ಇಂವನೂ ಹಂಗ” ಎಂದ. ಮಲ್ಲಪ್ಪ ಕಿವಿಯವರೆಗೆ ಕೆಂಪಾದರು.

ಈ ಸ್ನೇಹದ ಮೊದಲ ದಿನಗಳಲ್ಲಿ ಎಲೀಷಣ್ಣ ಆರು ತಿಂಗಳು ಚರ್ಚಿಗೆ ಬಂದಿರಲಿಲ್ಲವಂತೆ. ಆಮೇಲೆ ಒಂದಿಷ್ಟು ದಿನ ಚರ್ಚಿಗೆ ಬಂದು ಬ್ಯಾಡಗಿ ಬಸ್ಸು ಹತ್ತುವುದನ್ನು ಬಿಟ್ಟನಂತೆ. “ಎರಡೂ ಮಾಡಿ ನೋಡಿದೆ. ಒಬ್ಬರನ್ನ ಬಿಟ್ಟಾಗ ಇನ್ನೊಬ್ಬರ ಜೋಡಿ ಮಾತಾಡಾಕ ಬಾಯಿನ ಬರ್ಲಿಲ್ಲ. ಅದಕ್ಕ ಇಬ್ಬರನ್ನೂ ಹಿಡಕೊಂಡೆ” ಎಂದ.

ಇಷ್ಟೆಲ್ಲ ತಿಳಿದೂ ನಾನು ಒಂದು ವಿಷಯದಲ್ಲಿ ಸುಮ್ಮನಿದ್ದೆ. ಪ್ರಭುಭೋಜನದಿಂದ ಅವನನ್ನು ತಡೆದಿದ್ದ ದೂರಿನ ಕೆಳಗೆ ನನ್ನ ಸಹಿ ಇತ್ತು. ಹೊಸ ಅಯ್ಯನವರು ಬಂದಾಗಲೆಲ್ಲ ಕಮಿಟಿಯ ಹಿರಿಯರು ಆ ದೂರು ದಾಖಲಾದ ಪುಸ್ತಕ ತೆಗೆದು ತೋರಿಸುತ್ತಿದ್ದರು. ಅಪ್ಪ ಬದುಕಿರುವವರೆಗೆ ಬೇಡ ಎಂದುಕೊಂಡೆ. ಅಪ್ಪ ಹೋದ ಮೇಲೆ, ಹಳೆಯ ಮಾತು ಯಾಕೆ ಕೆದಕಬೇಕು ಎಂದುಕೊಂಡೆ. ಎಲೀಷಣ್ಣ ಒಮ್ಮೆಯೂ ಕೇಳಲಿಲ್ಲ. ಹೀಗೆ ಹತ್ತೊಂಬತ್ತು ವರ್ಷ.

ನನ್ನ ಮಗಳು ಮೊದಲ ಸಲ ಪ್ರಭುಭೋಜನ ತೆಗೆದುಕೊಂಡ ದಿನ ಬೆಂಚಿಗೆ ಮರಳಿ ಬಂದು ಕೇಳಿದಳು: “ಎಲೀಷ ಮಾಮಾ ಯಾಕ ಹೋಗೂದಿಲ್ಲ?”

“ಅವರ ಮ್ಯಾಲ ಒಂದು ದೂರು ಐತಿ.”

“ಯಾರ ಕೊಟ್ಟಾರ?”

ಹಾಡು ಶುರುವಾಯಿತು. ನಾನು ಪುಸ್ತಕದಲ್ಲಿ ಮುಖ ಮುಚ್ಚಿಕೊಂಡೆ.

ಆ ವಾರವೇ ಕಮಿಟಿಯ ಮುಂದೆ ಹೋಗಿ ನಿಂತೆ. “ಅವರು ನನಗ ಮೋಸ ಮಾಡಿಲ್ರಿ. ಮೋಸ ಆಗೂದನ್ನ ತಪ್ಪಿಸ್ಯಾರ. ಸುಳ್ಳಿಗೆ ಸಹಿ ಮಾಡಿದಾಕಿ ನಾನು. ಕ್ಷಮಾ ಕೇಳಬೇಕಾದಾಕಿ ನಾನು” ಎಂದೆ. ಒಬ್ಬ ಹಿರಿಯರು, “ದೂರು ಹೋದ್ರೂ ಪಾಪ ಹೋಗೂದಿಲ್ಲ” ಎಂದು ಮೇಜು ಬಡಿದರು. ಆಗಿನ ಅಯ್ಯನವರು ಮೃದು ಮಾತಿನವರು. ಪುಸ್ತಕವನ್ನು ಎರಡು ಸಲ ಓದಿ, “ಇದರಾಗ ಬರದದ್ದು ಇದೊಂದ ದೂರು. ಅದ ಇಲ್ಲ ಅಂದ ಮ್ಯಾಲ ಊಟಕ್ಕ ಬಂದವರನ್ನ ನಾ ತಡೀಲಾರೆ” ಎಂದರು. ಎರಡು ಕುಟುಂಬಗಳು ನಮ್ಮ ಚರ್ಚು ಬಿಟ್ಟು ಹೋದವು.

ಎಲೀಷಣ್ಣ ಖುಷಿಪಡುತ್ತಾನೆ ಎಂದುಕೊಂಡಿದ್ದೆ. “ನನ್ನ ಒಂದ ಮಾತು ಕೇಳಬಾರದಿತ್ತೇನು?” ಎಂದು ಮುಖ ತಿರುಗಿಸಿದ. ಮೊದಲ ತಿಂಗಳು ಮುಂದೆ ಹೋಗಲೇ ಇಲ್ಲ. ಎರಡನೆಯ ತಿಂಗಳು ಎಲ್ಲರೂ ಎದ್ದು ಬಂದ ಮೇಲೆ, ಅಯ್ಯನವರು ಬಟ್ಟಲನ್ನು ಇನ್ನೂ ಮುಚ್ಚದೆ ಕೊನೆಯ ಬೆಂಚನ್ನೇ ನೋಡುತ್ತ ನಿಂತಿದ್ದಾಗ, ನಿಧಾನವಾಗಿ ನಡೆದು ಹೋದ. ಮೊಣಕಾಲೂರಿದ. ಹಿಂದಿರುಗುವಾಗ ತನ್ನ ಬೆಂಚಿನವರೆಗೆ ಹೋಗದೆ ನಮ್ಮ ಸಾಲಿನ ಬಳಿ ನಿಂತ. ವಸಂತ ಸರಿದು ಜಾಗ ಕೊಟ್ಟರು, ನಮ್ಮ ನಡುವೆ ಕೂತ. ಅಂಗಿಯ ಕಾಲರು ಒದ್ದೆಯಾಗಿತ್ತು. ಆಮೇಲೆ ಚರ್ಚಿಗೆಲ್ಲ ಕೇಳುವಂತೆ ಮೂಗು ಸೀಟಿಕೊಂಡ. ನನ್ನ ಮಗಳು ಕಿಸಕ್ಕನೆ ನಕ್ಕಳು, ಅವನೂ ನಕ್ಕ.

ತಮ್ಮ ತಾಯಿ ತೀರಿಕೊಂಡ ಮೇಲೆ ಮಲ್ಲಪ್ಪ ಬ್ಯಾಡಗಿ ಬಿಟ್ಟು ಎಲೀಷಣ್ಣನ ಅಂಗಡಿಯ ಮೇಲಿನ ಎರಡು ಕೋಣೆಗಳ ಮನೆಗೆ ಬಂದರು. ನಿವೃತ್ತಿಯ ನಂತರ ಬೆಳಗಿನ ಪೇಪರನ್ನು ಗಟ್ಟಿಯಾಗಿ ಓದಿ ಹೇಳುವುದು ಅವರ ಕೆಲಸವಾಯಿತು. ಇಂಥವರ ಪ್ರೀತಿ ಅಪರಾಧವಲ್ಲ ಎಂದು ದೊಡ್ಡ ಕೋರ್ಟು ಹೇಳಿದ ಸುದ್ದಿಯನ್ನೂ ಹಾಗೆಯೇ ಓದಿದರಂತೆ. ಎಲೀಷಣ್ಣ ತಂತಿ ಸುತ್ತುವುದನ್ನು ನಿಲ್ಲಿಸಿ, “ಇಷ್ಟ ದಿನ ಅಪರಾಧಿ ಬ್ಯಾರೆ ಆಗಿದ್ನೇನೋ? ನಾ ಬರೇ ಪಾಪಿ ಅಂತ ತಿಳಿದಿದ್ದೆ” ಎಂದನಂತೆ.

ಕಳೆದ ವರ್ಷ ಒಂದು ಮಧ್ಯಾಹ್ನ, ಊಟ ಮಾಡಿ ಅಂಗಡಿಯ ಕುರ್ಚಿಯಲ್ಲಿ ಕೂತವನು ಹಾಗೇ ಹೋಗಿಬಿಟ್ಟ. ಅರವತ್ತೆಂಟು ವರ್ಷ. ನಮ್ಮ ಪದ್ಧತಿಯಂತೆ ಮಣ್ಣು ಮಾಡಿದೆವು. ಮಲ್ಲಪ್ಪ ಟೊಪ್ಪಿಗೆ ತೆಗೆದು ಕೊನೆಯವರೆಗೂ ನಿಂತಿದ್ದರು, ಅಳಲಿಲ್ಲ.

ಹನ್ನೊಂದನೆಯ ದಿನ ಅವರು ನಮ್ಮನ್ನು ಊಟಕ್ಕೆ ಕರೆದರು. “ನಿಮ್ಮ ಪದ್ಧತಿ ನೀವು ಮಾಡಿದ್ರಿ. ನಮ್ಮ ಪದ್ಧತಿ ನಾ ಮಾಡಬೇಕಲ್ರಿ ಅಕ್ಕೋರ” ಎಂದರು. ತಾವೇ ಗೋದಿ ಹುಗ್ಗಿ ಮಾಡಿದ್ದರು. ವಸಂತ ಕೈ ತೊಳೆಯಲು ಹೋದಾಗ, ಮಲ್ಲಪ್ಪ ಹುಗ್ಗಿಯ ಪಾತ್ರೆ ಹಿಡಿದು ನನ್ನ ಮುಂದೆ ನಿಂತರು.

“ಅಕ್ಕೋರ, ಒಂದ ಮಾತು ಕೇಳ್ಲ್ಯಾ? ಅಂವ ನಿಮ್ಮ ಯೇಸುಸ್ವಾಮಿ ಕಡೆ ಹೋದ. ನಾ ದೇವರಗುಡ್ಡದ ಮೈಲಾರಪ್ಪನ ಒಕ್ಕಲು. ನಾ ಸತ್ತಿಂದ ಭೆಟ್ಟಿ ಆಗಾಕ ಬಿಡ್ತಾರೋ ಇಲ್ಲೋ?”

ಮೂವತ್ತು ವರ್ಷ ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿದವಳು ನಾನು. ಯೇಸುವನ್ನು ನಂಬದವರಿಗೆ ಅಲ್ಲಿ ಜಾಗವಿಲ್ಲ ಎಂಬುದೇ ಹೇಳಬೇಕಾದ ಉತ್ತರ ಎಂದು ನನಗೆ ಗೊತ್ತಿತ್ತು.

“ಅಂವ ಏನ ಹೇಳಿದ್ದ?” ಎಂದು ಕೇಳಿದೆ.

“‘ನೀ ಸುಮ್ನ ಬಾ, ಬಾಗಲಾ ನಾ ತಗೀತೇನಿ’ ಅಂದಿದ್ದ.”

“ಹಂಗಾದ್ರ ತಗೀತಾನ. ಅಂವ ಸುಳ್ಳ ಹೇಳಿದ್ದು ನಾ ನೋಡಿಲ್ಲ.”

ಮಲ್ಲಪ್ಪ ಸೌಟಿನಿಂದ ಹುಗ್ಗಿಯನ್ನು ಒಮ್ಮೆ ತಿರುವಿದರು. “ಅದೂ ಖರೇನ” ಎಂದು, ಬೇಡವೆಂದರೂ ಕೇಳದೆ ನನ್ನ ತಟ್ಟೆಗೆ ಇನ್ನೊಂದು ಸೌಟು ಹುಗ್ಗಿ ಬಡಿಸಿದರು.