ಕಂಬದ ಮೇಲಿನ ತೊಗರಿ ಮನೆ

ಭೀಮಾ ದಂಡೆಯ ಆ ಊರಿನಲ್ಲಿ ಕಲ್ಯಾಣಮ್ಮ ಇಪ್ಪತ್ತು ವರ್ಷ ಗೌಂಡಿಗಳ ಕೈಕೆಳಗೆ ಸಿಮೆಂಟು ಕಲಸಿದವಳು. ಕಲಸುತ್ತಲೇ ಕೆಲಸ ನೋಡಿ ಕಲಿತು, ಕರಣಿ ಹಿಡಿದು ತಾನೇ ಗೌಂಡಿಯಾದಳು. ಗೋಡೆ ಸೊಟ್ಟಗಿದ್ದರೆ ಮನೆ ಕಟ್ಟಿಸುವವರ ಎದುರೇ ಕೆಡವಿಸುವಷ್ಟು ಬಾಯಿಯೂ ಬಂತು.

ಒಂದು ಮಳೆಗಾಲ ಬಿರುಗಾಳಿಗೆ ಹೆಂಗಸರ ಸಂಘದ ಉಗ್ರಾಣದ ತಗಡು ಹಾರಿತು. ಹಿಂದೆಯೇ ಹೊಳೆ ನುಗ್ಗಿ, ಬೇಳೆ ಮಾಡಲು ಇಟ್ಟಿದ್ದ ತೊಗರಿಯೆಲ್ಲ ಮೊಳಕೆಯೊಡೆಯಿತು.

"ಮತ್ತ ಅದೇ ಥರಾ ಕಟ್ಟೋದು ಬ್ಯಾಡ. ಕಂಬದ ಮ್ಯಾಲ ಕಟ್ಟೂಣು," ಎಂದಳು ಕಲ್ಯಾಣಮ್ಮ. ಸಂಘದವರು ಒಪ್ಪಿದರು.

ಕರಿಮಣ್ಣು ದಾಟಿ ಗಟ್ಟಿ ಗರಸು ಮಣ್ಣು ಸಿಗುವ ತನಕ ತೋಡಿಸಿ ಬುನಾದಿ ಹಾಕಿದಳು. ಚಾವಣಿಯ ತನಕ ಏರಿದ ಕಂಬಗಳ ನಡುವೆ, ಕೆಳಗೆ ಆಳೆತ್ತರ ಗೋಡೆ ಕಟ್ಟದೆ ನೀರಿಗೆ ಹಾದಿ ಬಿಟ್ಟು, ಅದರ ಮೇಲೆ ಉಗ್ರಾಣ ಎಬ್ಬಿಸಿದಳು. ನಿವೃತ್ತ ಮಾಸ್ತರ ಭಗವಂತರಾಯರು ದಿನಾ ಬಂದು ನಗುತ್ತಿದ್ದರು.

"ಏನವ್ವಾ, ನೆಲದ ಮ್ಯಾಲ ಜಾಗಾ ಸಾಲಲಿಲ್ಲೇನು?"

"ಹೊಳಿ ಬಂದಾಗ ಸಾಲಂಗಿಲ್ರಿ ಮಾಸ್ತರ್ರ."

ವೆಲ್ಡಿಂಗ್ ಮಾಡಲು ಶಹಾಪುರದಿಂದ ಬಂದ ಉಸ್ಮಾನಸಾಬನಿಗೂ ಅನುಮಾನ. "ಯಕ್ಕಾ, ತಗಡಿಗೆ ಇಷ್ಟು ಬೋಲ್ಟ್ ಯಾಕ?"

ಅವಳು ಒಂದು ಮೊರ ತಂದು ಗಾಳಿಗೆ ಒಡ್ಡಿ ಹಿಡಿಯಲು ಹೇಳಿದಳು. ಮೊರ ಅವನ ಕೈಯಿಂದ ಮೇಲೆ ಚಿಮ್ಮಿತು. "ನೋಡಿದಿ? ಗಾಳಿ ಕೆಳಗಿಂದ ಎತ್ತತೈತಿ. ತಗಡು ತೊಲಿಗೆ ಬಿಗಿ, ತೊಲಿ ಕಂಬಕ್ಕ ಬಿಗಿ." ಅವನು ಒಂದೊಂದೇ ಬೋಲ್ಟ್ ಬಿಗಿಯುತ್ತ ಹೋದ.

ಮರುವರ್ಷ ಹೊಳೆ ಮತ್ತೆ ಏರಿತು. ಡಂಗುರ ಕೇಳಿ ಊರವರು ದಿಬ್ಬದ ಶಾಲೆಗೆ ಹೋದರು. "ಇಂಥಾ ನೀರು ಎಷ್ಟು ನೋಡೇನಿ!" ಎಂದು ಮಾಸ್ತರರೊಬ್ಬರೇ ಮನೆಯಲ್ಲಿ ಉಳಿದರು. ಮಧ್ಯಾಹ್ನ ಶಾಲೆಯ ದಾರಿ ಮುಳುಗಿತು. ತೊಗರಿ ಎತ್ತಿಡಲು ಉಗ್ರಾಣದಲ್ಲೇ ಉಳಿದಿದ್ದ ಕಲ್ಯಾಣಮ್ಮ ಕೊನೆಯ ಚೀಲ ಜೋಡಿಸುತ್ತಿದ್ದಾಗ, ರೇಡಿಯೋ ತಲೆಯ ಮೇಲಿಟ್ಟುಕೊಂಡು ಮಾಸ್ತರರು ಸೊಂಟದುದ್ದ ನೀರಲ್ಲಿ ಮೆಟ್ಟಿಲಿನತ್ತ ಬಂದರು. ಕೈ ಕೊಟ್ಟು ಎಳೆದುಕೊಂಡಳು.

ಗಾಳಿ ತಗಡನ್ನು ಗದಗದ ಅಲ್ಲಾಡಿಸಿತು. ಕೆಳಗೆ ಕೆಂಪು ನೀರು ಕಂಬಗಳ ನಡುವೆ ಭೋರ್ಗರೆಯುತ್ತಿತ್ತು. ತೇಲಿ ಬಂದ ದಿಮ್ಮಿಯೊಂದು ಧಡ್ಡನೆ ಕಂಬಕ್ಕೆ ಬಡಿಯಿತು. ಕಲ್ಯಾಣಮ್ಮ ಕಂಬಕ್ಕೆ ಅಂಗೈ ಒತ್ತಿ ನಿಂತಳು. ದಿಮ್ಮಿ ತಿರುಗಿ ಮುಂದೆ ಹೋಯಿತು.

"ಕಂಬ ನಡಗಾಕತ್ತಾವೇನವ್ವಾ?"

"ಕಂಬ ಅಲ್ರಿ, ನೀವು ನಡಗಾಕತ್ತೀರಿ!"

ಇಬ್ಬರೂ ಬಿದ್ದು ಬಿದ್ದು ನಕ್ಕರು.

ಮರುದಿನ ದೋಣಿ ಬಂದಾಗ ಒಂದು ಚೀಲವೂ ನೆನೆದಿರಲಿಲ್ಲ, ಒಂದು ತಗಡೂ ಕಿತ್ತುಹೋಗಿರಲಿಲ್ಲ. ಆಮೇಲೆ ನೋಡಲು ಬಂದವರಿಗೆಲ್ಲ ಬುನಾದಿಯ ಆಳ ವಿವರಿಸುತ್ತಿದ್ದವರು ಭಗವಂತರಾಯರೇ, ತಾವೇ ಕಟ್ಟಿಸಿದ ಠೀವಿಯಲ್ಲಿ. ದಂಡೆಯ ಮೂರು ಊರುಗಳಿಂದ ಕಲ್ಯಾಣಮ್ಮನಿಗೆ ಕರೆ ಬಂತು.

"ಕಂಬದ ಮ್ಯಾಲ ನಂದೂ ಒಂದು ಖೋಲಿ ಕಟ್ಟಿಕೊಡವ್ವಾ," ಎಂದರು ಮಾಸ್ತರರು.

"ದೀಪಾವಳಿ ಆದಮ್ಯಾಲ ಬರ್ತೀನ್ರಿ," ಎಂದಳು. "ಅಲ್ಲೀತನಕ ಮೂರೂರಿನ ಪಾಳಿ ಐತಿ."